ಒಳ್ಳೆಯ ಕಾಲು

ಹೊಟ್ಟೆಕಿಚ್ಚು ಕೆಟ್ಟದ್ದೆಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಎಂಟು ತಿಂಗಳು ಬೆಳಿಗ್ಗೆ ಆರಕ್ಕೆ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಅದೇ. ಅಲಾರಾಂ ಅಲ್ಲ, ಅಮ್ಮನೂ ಅಲ್ಲ.

ನಾನು ಪುಣೆಯ ಒಂದು ಸಣ್ಣ ಕ್ಲಬ್ಬಿನಲ್ಲಿ ಕಬಡ್ಡಿ ಆಡುತ್ತಿದ್ದೆ. ಎಡಮೂಲೆ ನನ್ನ ಜಾಗ. ನುಗ್ಗಿ ಬಂದವಳ ಕಣಕಾಲು ಹಿಡಿದು ಕೆಡವುವುದು ನನ್ನ ಕೆಲಸ. ಒಂದು ಸಂಜೆ ಆಟದ ನಡುವೆ ಬಲ ಮಂಡಿಯೊಳಗೆ ಏನೋ ಪಟ್ಟೆಂದಿತು. ಲಿಗಮೆಂಟ್ ಹರಿದಿತ್ತು, ಆಪರೇಷನ್ ಆಯಿತು. ಎರಡು ವಾರದ ಮೇಲೆ, ನನ್ನ ಬದಲು ಎಡಮೂಲೆಗೆ ನಿಂತವಳಿಗೂ ಅದೇ ಮಂಡಿ, ಅದೇ ಗಾಯ. ಸುದ್ದಿ ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು. ಸುಳ್ಳು ಯಾಕೆ ಹೇಳಲಿ?

ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಇಬ್ಬರೂ ಒಂದೇ ಫಿಸಿಯೋ ಸರ್ ಹತ್ತಿರ ಹೋಗುತ್ತಿದ್ದೆವು. ಅವರು ಬೆಳಗಾವಿಯ ಕಡೆಯವರು. ಉಳಿದವರ ಜೊತೆ ಮರಾಠಿ, ನಮ್ಮಿಬ್ಬರ ಜೊತೆ ಕನ್ನಡ. ಯಾರ ಮಂಡಿ ಎಷ್ಟು ಡಿಗ್ರಿ ಮಡಚಿತೆಂದು ಗೋಡೆಯ ಹಲಗೆಯ ಮೇಲೆ ವಾರವಾರವೂ ಬರೆಯುತ್ತಿದ್ದರು. ಎರಡು ವಾರ ತಡವಾಗಿ ಬಂದವಳು ಎರಡೇ ತಿಂಗಳಲ್ಲಿ ನನ್ನನ್ನು ದಾಟಿದಳು. ನನಗೆ ಮನೆಯಲ್ಲಿ ವ್ಯಾಯಾಮದ ಸೈಕಲ್ಲು, ಬಾದಾಮಿ ಹಾಲು, ಕರೆದುಕೊಂಡು ಬರಲು ಅಪ್ಪನ ಕಾರು. ಅವಳ ಅಪ್ಪ ಅಮ್ಮ ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಯೆರವಡಾದ ಒಂದು ಕೋಣೆಯ ಮನೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು, ಐಸನ್ನು ಹಳೆಯ ಸೀರೆಯ ಚೂರಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಆದರೂ ಅವಳ ಮಂಡಿ ಸರಾಗವಾಗಿ ಮಡಚುತ್ತಿತ್ತು. ನನ್ನದು ತುಕ್ಕು ಹಿಡಿದ ಬಾಗಿಲಿನ ಕೀಲು. ದೇವರಿಗೆ ಲೆಕ್ಕವೇ ಬರುವುದಿಲ್ಲ ಎಂದು ನಾನು ಅಮ್ಮನ ಮುಂದೆ ರೇಗಾಡಿದೆ.

ಅಷ್ಟರಲ್ಲಿ ಕೋಚ್ ಒಂದು ಮಾತು ಹೇಳಿಬಿಟ್ಟರು. ಆಡಬಹುದು ಎಂಬ ಫಿಸಿಯೋ ಪತ್ರವನ್ನು ಇಬ್ಬರಲ್ಲಿ ಯಾರು ಮೊದಲು ತರುತ್ತಾರೋ, ಈ ಸಲದ ಟೂರ್ನಿಯಲ್ಲಿ ಎಡಮೂಲೆ ಅವರದು.

ಪತ್ರ ಬೇಕಾದರೆ ಹಾರುವ ಪರೀಕ್ಷೆ ಗೆಲ್ಲಬೇಕು. ಒಂಟಿಗಾಲಲ್ಲಿ ನಿಂತು ಮುಂದಕ್ಕೆ ಹಾರಿ ಅದೇ ಕಾಲಿನ ಮೇಲೆ ಇಳಿಯುವುದು. ಮೊದಲು ಒಳ್ಳೆಯ ಕಾಲು, ಆಮೇಲೆ ಆಪರೇಷನ್ ಆದ ಕಾಲು. ಒಳ್ಳೆಯದು ಐದು ಅಡಿ ಹಾರಿದರೆ ಕೆಟ್ಟದ್ದು ನಾಲ್ಕೂವರೆಯಾದರೂ ಮುಟ್ಟಬೇಕು. ಇಲ್ಲೊಂದು ಕಳ್ಳದಾರಿ ಇದೆ. ಅದು ಮಂಡಿ ಹರಿದುಕೊಂಡವರಿಗೆ ಮಾತ್ರ ಹೊಳೆಯುತ್ತದೆ. ಕೆಟ್ಟ ಕಾಲನ್ನು ಮುಂದೆ ಒಯ್ಯಲಾಗದಿದ್ದರೆ ಒಳ್ಳೆಯ ಕಾಲನ್ನು ಬೇಕೆಂದೇ ಕಡಿಮೆ ಹಾರಿಸಿ ಹಿಂದೆ ಉಳಿಸಿದರಾಯಿತು. ನಾನೂ ಮನೆಯ ಟೆರೇಸಿನ ಮೇಲೆ ಒಂದು ವಾರ ಅದನ್ನು ಅಭ್ಯಾಸ ಮಾಡಿದ್ದೆ. ಪರೀಕ್ಷೆಯ ದಿನ ಧೈರ್ಯ ಬರಲಿಲ್ಲ. ಒಳ್ಳೆಯ ಕಾಲಿನಿಂದ ಪೂರ್ತಿ ಹಾರಿದೆ, ಕೆಟ್ಟದ್ದು ಒಂದು ಗೇಣು ಕಡಿಮೆ ಬಿತ್ತು.

“ಇನ್ನೊಂದ ಆರ ವಾರ. ಅವಸರ ಮಾಡಬ್ಯಾಡವಾ,” ಎಂದರು ಸರ್.

ಮುಂದಿನ ಸರದಿ ಅವಳದು. ಅವಳ ಎಡಗಾಲು ಎಷ್ಟು ದೂರ ಹಾರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ತಿಂಗಳುಗಟ್ಟಲೆ ಅದನ್ನೇ ನೋಡಿ ಉರಿದುಕೊಂಡಿದ್ದೆ. ಅವತ್ತು ಕೈ ಬೀಸದೆ ಹಾರಿದಳು, ದಿನಾ ದಾಟುತ್ತಿದ್ದ ನೆಲದ ಗೆರೆಯ ಈಚೆಗೇ ಇಳಿದಳು. ಮೂರು ಸಲವೂ ಅಷ್ಟೇ. ಇಳಿದವಳು ಒಮ್ಮೆ ನನ್ನನ್ನು ನೋಡಿದಳು.

“ಯಾಕವಾ, ಇವತ್ತ ಛಲೋ ಕಾಲs ಮಂಕಾಗೇದ?” ಸರ್ ಟೇಪು ಹಿಡಿದು ಕೇಳಿದರು.

“ಬಸ್ಸಿನ್ಯಾಗ ನಿಂತs ಬಂದೀನ್ರಿ ಸರ್.”

ಅವರು ನನ್ನ ಕಡೆ ತಿರುಗಿದರು. “ನೀ ದಿನಾ ನೋಡ್ತಿ. ಆಕಿ ಇಷ್ಟs ಏನ ಹಾರೂದು?”

“ಹೌದ್ರಿ ಸರ್, ಇಷ್ಟs,” ಎಂದೆ.

ನಿಜ ಹೇಳಿದ್ದರೆ ಅವಳೂ ನನ್ನ ಹಾಗೆ ಆರು ವಾರ ಕಾಯುತ್ತಿದ್ದಳು. ಅಷ್ಟು ನನಗೆ ಸಾಲದಾಗಿತ್ತು. ಆ ಬಲಿಯದ ಮಂಡಿ ಹೊತ್ತು ಅಂಗಳಕ್ಕೆ ಇಳಿಯಲಿ, ಮೊದಲ ಆಟದಲ್ಲೇ ಎಲ್ಲರ ಎದುರಿಗೆ ಬೀಳಲಿ, ಮತ್ತೆ ಏಳದಿರಲಿ ಎಂದು ನನ್ನ ಆಸೆ. ಅದಕ್ಕೇ ಹೌದ್ರಿ ಎಂದೆ. ಅವಳಿಗೆ ಪತ್ರ ಸಿಕ್ಕಿತು.

ಭೋಸರಿಯಲ್ಲಿ ಮೊದಲ ಆಟ. ಬೆಂಚಿನ ಮೇಲೆ ಕುಳಿತು ಅವಳ ಬಲ ಮಂಡಿಯನ್ನೇ ನೋಡಿದೆ. ಪ್ರತಿಸಲ ಅವಳು ಎದುರಾಳಿಯ ಕಾಲಿಗೆ ಎರಗಿದಾಗಲೂ ಈಗ, ಈಗ ಎಂದುಕೊಂಡೆ. ಏನೂ ಆಗಲಿಲ್ಲ. ಎರಡನೆಯ ಆಟದಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ಆರು ವಾರದ ಮೇಲೆ ನಾನೂ ಪಾಸಾದೆ, ಪ್ರಾಮಾಣಿಕವಾಗಿ. ಎಡಮೂಲೆ ಖಾಲಿ ಇರಲಿಲ್ಲ. ಟೂರ್ನಿ ಮುಗಿಯುವವರೆಗೆ ನಾನು ಆಡುವವರಿಗೆ ನೀರಿನ ಬಾಟಲಿ ಕೊಟ್ಟೆ.

ಮರುವಾರ ಅವಳು ಮೊದಲ ಸಲ ನಮ್ಮ ಮನೆಗೆ ಬಂದಳು. ಹರಕೆ ಹೊತ್ತಿದ್ದಳಂತೆ, ಜೇಜುರಿ ಗುಡ್ಡದ ಗುಡಿಯ ಮೆಟ್ಟಿಲು ಹತ್ತಿ ನೇರ ಇಲ್ಲಿಗೇ ಬಂದಿದ್ದಳು. ಕೈಯಲ್ಲಿ ಖಂಡೋಬನ ಭಂಡಾರದ ಪೊಟ್ಟಣ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಆ ಅರಿಶಿನವನ್ನು ನನ್ನ ಮಂಡಿಯ ಹೊಲಿಗೆಯ ಗುರುತಿನ ಮೇಲೆ ಹಚ್ಚಿದಳು.

“ಅವತ್ತ ನೀ ಒಂದ ಮಾತ ಅಂದಿದ್ರ ನಾ ಅಲ್ಲೇ ಉಳೀತಿದ್ದೆ. ನಿನ್ನ ಜಾಗಾ ನನಗ ಬಿಟ್ಟಕೊಟ್ಟಿ. ಒಡಹುಟ್ಟಿದಾಕೀನೂ ಹಿಂಗ ಮಾಡೂದಿಲ್ಲ,” ಎಂದಳು.

ಚಹಾ ತಂದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಇಂಥ ಮಗಳನ್ನು ಹೆತ್ತೆನಲ್ಲ ಎಂಬ ಹೆಮ್ಮೆಯಿಂದ ನನ್ನನ್ನು ನೋಡಿದಳು. ನನ್ನ ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಈಗಲಾದರೂ ನಿಜ ಹೇಳಬೇಕಿತ್ತು. ಹೇಳಲಿಲ್ಲ.

ಅವಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅಳುತ್ತಿದ್ದಳು. ನಾನು ಅವಳ ಮುಖ ನೋಡಲಿಲ್ಲ, ಮಂಡಿ ನೋಡಿದೆ. ಅದು ಪೂರ್ತಿ ಮಡಚಿತ್ತು, ಹಿಮ್ಮಡಿ ನೆಲ ಬಿಟ್ಟಿರಲಿಲ್ಲ. ನನಗೆ ಇವತ್ತಿಗೂ ಹಾಗೆ ಕೂರಲು ಬರುವುದಿಲ್ಲ.