ಹಿಮನದಿಯ ದಡದಲ್ಲಿ ಆಯುಧಪೂಜೆ

ನನ್ನ ಅಕ್ಕನ ಎರಡೂ ಮೊಣಕಾಲುಗಳು ಹೊಸವು. ಹಳೆಯವು ಎಪ್ಪತ್ತು ವರ್ಷ ದುಡಿದು ನಿವೃತ್ತಿ ಬೇಡಿದವು; ಲಾಕ್‌ಡೌನ್ ಮುಗಿದ ಮೇಲೆ ಡಾಕ್ಟರು ಒಂದಾದ ಮೇಲೊಂದರಂತೆ ಲೋಹದವನ್ನು ಕೂರಿಸಿಕೊಟ್ಟರು. ಆಕೆ ಇರುವುದು ಲಾಸ್ ಏಂಜಲೀಸ್ ಪಕ್ಕದ ರೆಡೊಂಡೊ ಬೀಚ್‌ನಲ್ಲಿ, ನಾನು ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ. ನಡುವೆ ಎರಡು ಗಂಟೆಯ ಫ್ರೀವೇ; ಟ್ರಾಫಿಕ್ಕು ಮುನಿಸಿಕೊಂಡರೆ ನಾಲ್ಕು. ಅವಳ ಒಬ್ಬನೇ ಮಗ ಮಾತ್ರ ದೂರದ ಅಲಾಸ್ಕಾದಲ್ಲಿ ಫೋನ್ ಟವರುಗಳ ಯೋಗಕ್ಷೇಮ ನೋಡಿಕೊಳ್ಳುತ್ತಾನೆ. ಉಳಿದ ಹೊತ್ತಿನಲ್ಲಿ ಮಂಜುಗಡ್ಡೆ ಹತ್ತುತ್ತಾನೆ. ಇಂಥ ಹವ್ಯಾಸ ನಮ್ಮ ವಂಶದಲ್ಲಿ ಹಿಂದೆ ಯಾರಿಗೂ ಇದ್ದ ದಾಖಲೆಯಿಲ್ಲ. ನಮಗೆ ಐಸು ಎಂದರೆ ಕಬ್ಬಿನ ಹಾಲಿಗೆ ಹಾಕುವ ವಸ್ತು.

ಅವನು ಒಂದು ಯುಗಾದಿಗೆ ಫೋನ್ ಮಾಡಿ, ಅಮ್ಮನ ಹತ್ತಿರ ಇರಬೇಕು, ಲಾಸ್ ಏಂಜಲೀಸ್‌ನಲ್ಲಿ ಕೆಲಸಕ್ಕೆ ಅಪ್ಲೈ ಮಾಡಿದ್ದೇನೆ ಎಂದ. ಬೇರೆ ತಾಯಿಯಾಗಿದ್ದರೆ ತುಪ್ಪದ ದೀಪ ಹಚ್ಚುತ್ತಿದ್ದಳು. ನನ್ನ ಅಕ್ಕ ನನಗೆ ಫೋನ್ ಹಚ್ಚಿದಳು.

"ನನ್ನ ಮೊಣಕಾಲಿನ ಸಲುವಾಗಿ ಅಂವ ಇಳದು ಬರಬಾರದು ನೋಡು. ಈ ಟ್ರಾಫಿಕ್ಕಿನಾಗ ಅಂವ ಬಾಡಿ ಹೋಗತಾನ."

"ಬ್ಯಾಡ ಅಂತ ಹೇಳು ಮತ್ತ."

"ಹೇಳಿದ್ರ ಕೇಳೋದಿಲ್ಲ. ಅಂವ ನಡಿಯೋ ಐಸಿನ ಮ್ಯಾಲೆ ನಾನೂ ನಡದು ತೋರಸ್ತೀನಿ. ಆಮ್ಯಾಲೆ ಏನಂತಾನ ನೋಡೋಣಂತ."

ತರಬೇತಿ ಶುರುವಾಯಿತು. ದಿನಾ ಬೆಳಿಗ್ಗೆ ತನ್ನೂರಿನ ಮರಳಿನಲ್ಲಿ, ತಿಂಗಳಿಗೊಮ್ಮೆ ನನ್ನಲ್ಲಿಗೆ ಬಂದು ಡೆಲ್ ಮಾರ್ ಕಡಲದಂಡೆಯಲ್ಲಿ ಅಕ್ಕ ನಡೆದಳು. ನನ್ನದು ಕೋಚ್ ಹುದ್ದೆ. ಬೆಂಚಿನ ಮೇಲೆ ಕೂತು ಥರ್ಮಾಸಿನ ಚಹಾ ಕುಡಿಯುವುದೇ ಅದರ ಮುಖ್ಯ ಹೊಣೆ. ಅದನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ.

ಜುಲೈನಲ್ಲಿ ಅಲಾಸ್ಕಾಕ್ಕೆ ಹೊರಟೆವು. ಕಟಕ ರೊಟ್ಟಿ, ಶೇಂಗಾ ಚಟ್ನಿ ತುಂಬಿದ ಸೂಟ್‌ಕೇಸು ನೋಡಿ ಸೋದರಳಿಯ, "ಮಾಮಾ, ಇಲ್ಲೂ ಜನ ಊಟ ಮಾಡ್ತಾರೆ" ಎಂದ. ಅವನಿಗೆ ನಮ್ಮ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಓದುಗರ ಅನುಕೂಲಕ್ಕೆ ನಾನೇ ತರ್ಜುಮೆ ಮಾಡುತ್ತಿದ್ದೇನೆ.

ಮೂರನೆಯ ದಿನ ಹಿಮನದಿಯ ದಡ ಮುಟ್ಟಿದೆವು. ನೀಲಿ ಬೆರೆತ ಬಿಳುಪು, ಒಳಗೆಲ್ಲೋ ಹರಿಯುವ ನೀರಿನ ಸದ್ದು. ಗೈಡ್ ಹುಡುಗಿ ಬೂಟಿನಡಿಗೆ ಕಟ್ಟಿಕೊಳ್ಳುವ ಕಬ್ಬಿಣದ ಮುಳ್ಳುಗಳನ್ನು ಹಂಚಿದಳು. ಅಕ್ಕ ಹಿಮವನ್ನು ದಿಟ್ಟಿಸಿದಳು. ಕಲ್ಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದಳು.

"ಅಮ್ಮಾ, ಬೂಟು ತೆಗೀಬಾರದು" ಎಂದ ಮಗ.

"ಇದು ನೀರಲ್ಲೇನೋ? ಗಂಗವ್ವ. ಗಂಗವ್ವನ ಮ್ಯಾಲೆ ಬೂಟು ಹಾಕ್ಕೊಂಡು ಹತ್ತತಾರೇನು? ಅದೂ ಕಬ್ಬಿಣದ ಮುಳ್ಳು ಚುಚ್ಚಿ?"

"ಮುಳ್ಳಿಲ್ಲದಿದ್ರೆ ಜಾರುತ್ತೆ. ಬಿದ್ರೆ ಮೊಣಕಾಲು ಹೋಯ್ತು."

"ಚುಚ್ಚೂದಾದ್ರ ನಾ ಒಲ್ಲೆ."

ಅವನು ವಾದಿಸಲಿಲ್ಲ. "ಪರವಾಗಿಲ್ಲಮ್ಮ, ಇಲ್ಲಿಂದಲೇ ನೋಡೋಣ" ಎಂದು ಅವಳ ಪಕ್ಕ ಕೂತುಬಿಟ್ಟ. ಆ ಮೆತ್ತಗಿನ ದನಿಯಲ್ಲಿ ನನಗೆ ಲಾಸ್ ಏಂಜಲೀಸ್ ಕೇಳಿಸಿತು. ಅಕ್ಕನಿಗೂ ಕೇಳಿಸಿರಬೇಕು. ಬಿಚ್ಚಿದ ಲೇಸನ್ನು ಕೈಯಲ್ಲಿ ಹಿಡಿದು ಕೂತಳು. ಬರಿಗಾಲಲ್ಲಿ ಹತ್ತುವಂತಿಲ್ಲ, ಮುಳ್ಳು ಕಟ್ಟಲು ಮನಸ್ಸಿಲ್ಲ. ಮರಳಿನಲ್ಲಿ ನಡೆದದ್ದೆಲ್ಲ ನೀರುಪಾಲು.

ವಂಶದಲ್ಲಿ ಶಾಸ್ತ್ರಿಗಳ ಸ್ಥಾನ ಖಾಲಿಯಿತ್ತು. ನಾನು ಅಲಂಕರಿಸಿದೆ.

"ಅಕ್ಕಾ, ಅಪ್ಪ ಭೂಮಿತಾಯಿಗೆ ನೇಗಿಲಾ ಹೂಡತಿದ್ದಿಲ್ಲೇನು?"

"ಹೂಡತಿದ್ದ. ಮೊದಲ ಪೂಜಾ ಮಾಡತಿದ್ದ."

"ನೀ ವರ್ಷಾ ಕಾರಿಗೆ ಮಾಡ್ತಿ. ಇದೂ ಕಬ್ಬಿಣನ."

ಅಕ್ಕ ಯೋಚಿಸಿದಳು. ಆಮೇಲೆ ಪರ್ಸು ತೆರೆದಳು. ಅದರಲ್ಲಿ ಇನ್ಶೂರೆನ್ಸ್ ಕಾರ್ಡಿನ ಪಕ್ಕ ಕುಂಕುಮದ ಭರಣಿ ಯಾವಾಗಲೂ ಇರುತ್ತದೆ. ತನ್ನ ಮುಳ್ಳುಗಳಿಗೆ ಹಚ್ಚಿದಳು, ಮಗನದಕ್ಕೆ, ನನ್ನದಕ್ಕೆ. ಗೈಡ್ ಹುಡುಗಿ ವಿಷಯ ಕೇಳಿ ತಿಳಿದು ತನ್ನದನ್ನೂ ಮುಂದೆ ಚಾಚಿದಳು. ನಿಂಬೆಹಣ್ಣಿಲ್ಲ ಎಂದು ಅಕ್ಕ ಪೇಚಾಡಿದಾಗ ಊಟದ ಡಬ್ಬಿಯಿಂದ ಕಿತ್ತಳೆ ತೆಗೆದುಕೊಟ್ಟಳು. ಕಿತ್ತಳೆಗೂ ಶಾಸ್ತ್ರದಲ್ಲಿ ಆಧಾರವಿದೆ ಎಂದೆ. ಇಲ್ಲ.

ಅಕ್ಕ ಕೂತಲ್ಲಿಂದಲೇ ಬಾಗಿ ಹಿಮ ಮುಟ್ಟಿ ಬೆರಳುಗಳನ್ನು ಕಣ್ಣಿಗೊತ್ತಿಕೊಂಡಳು. "ಚುಚ್ಚತದವ್ವಾ, ಹೊಟ್ಟ್ಯಾಗ ಹಾಕ್ಕೋ" ಎಂದಳು. ಬೂಟು ಬಿಗಿದು, ಮುಳ್ಳು ಕಟ್ಟಿಸಿಕೊಂಡು, ಎದ್ದಳು.

ಕರಕರ ಸದ್ದಾಯಿತು. ಮಗ ಮೊಣಕೈ ಹಿಡಿದಿದ್ದ. ಹತ್ತು ಹೆಜ್ಜೆಯಾದ ಮೇಲೆ "ಕೈ ಬಿಡು" ಎಂದಳು. ಅವನು ಬಿಡಲಿಲ್ಲ. "ಬಿಡೋ" ಎಂದಳು. ಬಿಟ್ಟ. ಅಕ್ಕ ಅವಸರ ಮಾಡದೆ, ತರಕಾರಿ ಸಂತೆಗೆ ಹೊರಟವಳ ಹಾಗೆ, ಮುಂದಿನ ಏರಿನವರೆಗೆ ನಡೆದು ನಿಂತಳು. ಆ ಘನವಾದ ಘಳಿಗೆಯಲ್ಲಿ ನನ್ನ ಮುಳ್ಳು ನನ್ನದೇ ಪ್ಯಾಂಟಿಗೆ ಸಿಕ್ಕಿ ನಾನು ಕುಂಡೆಯೂರಿ ಕೂತೆ.

ಅಕ್ಕ ತಿರುಗಿ ನೋಡಿದಳು. "ಯಾರರೆ ಹತ್ತರ ಇರಬೇಕಾದ್ದು ನಿಮ್ಮ ಮಾಮಾಗ ನೋಡಪಾ. ನನಗಲ್ಲ."

ಅಳಿಯ ನನ್ನನ್ನು ಎಬ್ಬಿಸಿದ. ಪೂಜೆಗಿಟ್ಟ ಕಿತ್ತಳೆ ಸುಲಿದು ಎಲ್ಲರಿಗೂ ಒಂದೊಂದು ತೊಳೆ ಕೊಟ್ಟ, ಅಮ್ಮನಿಗೆ ಎರಡು.

ವಾಪಸು ಡ್ರೈವ್ ಮಾಡುವಾಗ ಅವನು, "ಮುಂದಿನ ಬೇಸಿಗೆಗೆ ನೀನು ಇಲ್ಲಿಗೆ ಬಂದಾಗ ಇನ್ನೂ ದೊಡ್ಡ ಹಿಮನದಿಗೆ ಹೋಗೋಣವಾ ಅಮ್ಮಾ?" ಎಂದು ಕೇಳಿದ.

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಹಿಂದಿನ ಸೀಟಿನಲ್ಲಿ ಸೊಂಟ ಹಿಡಿದು ಕೂತ ನನಗೆ ಅದು ಕಾಣುವುದಿಲ್ಲ ಎಂದುಕೊಂಡಿದ್ದಳು.

"ಹೋಗೋಣಂತ" ಎಂದಳು. "ನಿಂಬೀಹಣ್ಣು ನಮ್ಮ ಹಿತ್ತಲದಾಗಿಂದ ನಾನ ತರತೀನಿ."