ಬನ್ನಿನ ಗೂಡಿನಲ್ಲಿ ಗಣಿಯ ಗೋಡೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಜರಗನಹಳ್ಳಿಯ ಒಂದು ಸಣ್ಣ ಲ್ಯಾಬಿನಲ್ಲಿ ಕಾಂಕ್ರೀಟ್ ಒಡೆಯುವ ಕೆಲಸಕ್ಕಿದ್ದೆ. ಜೆ.ಪಿ. ನಗರದಲ್ಲಿ ಏಳುತ್ತಿದ್ದ ಮನೆಗಳ ತಾರಸಿ ಕಾಂಕ್ರೀಟನ್ನು ಪರೀಕ್ಷೆಗೆಂದು ಅಚ್ಚು ಹಾಕಿದ ಕ್ಯೂಬುಗಳು ನಮ್ಮಲ್ಲಿಗೆ ಬರುತ್ತಿದ್ದವು. ಏಳನೇ ದಿನ ಯಂತ್ರದಲ್ಲಿಟ್ಟು ಒತ್ತಿ, ಎಷ್ಟು ಭಾರ ತಡೆಯಿತೆಂದು ನೋಡುವುದು. ಇಪ್ಪತ್ತೆಂಟನೇ ದಿನಕ್ಕೆ ಅದರ ಒಂದೂವರೆಯಷ್ಟು ಗಟ್ಟಿ ಎಂದು ನಮ್ಮ ಯಜಮಾನರು ಕಣ್ಣು ಮುಚ್ಚಿ ಹೇಳುತ್ತಿದ್ದರು. ಮನೆಗಳ ಮಟ್ಟಿಗೆ ಅವರ ಮಾತು ಸುಳ್ಳಾಗುತ್ತಿರಲಿಲ್ಲ.

ಒಮ್ಮೆ ಉತ್ತರ ಕರ್ನಾಟಕದ ಗಣಿಯೊಂದರ ಮೇಸ್ತ್ರಿ ಎರಡು ಮೂಟೆ ಬೂದುಬಣ್ಣದ ಪುಡಿ ತಂದರು. ಅದಿರು ಅರೆದು ಉಳಿದ ಪುಡಿ. ಅದನ್ನೇ ಸಿಮೆಂಟಿನೊಂದಿಗೆ ಕಲಸಿ, ಅದಿರು ತೆಗೆದ ಪೊಳ್ಳುಗಳಿಗೆ ತುಂಬುತ್ತಾರೆ. ಗಟ್ಟಿಯಾದ ಮೇಲೆ ಅದರ ಪಕ್ಕದಲ್ಲೇ ಮತ್ತೆ ಅಗೆಯುತ್ತಾರೆ. ಆಗ ಅಗೆಯುವವರ ಮಗ್ಗುಲಿಗೆ ಇರುವ ಗೋಡೆ ಅದೊಂದೇ.

"ಕೆಳಗ ಭಾಳ ಧಗಿ ಐತ್ರಿ ಮೇಡಂ. ಅಷ್ಟ ಬಿಸೀನಾಗ ಇಟ್ಟು ನೋಡ್ರಿ" ಎಂದರು.

ಆ ಪುಡಿಗೆ ಸಿಮೆಂಟ್ ಕಲಸಿ ಅಚ್ಚುಗಳಿಗೆ ತುಂಬಿದೆ. ಆದರೆ ಅಂಥ ಬಿಸಿ ಪೆಟ್ಟಿಗೆ ನಮ್ಮಲ್ಲಿರಲಿಲ್ಲ. ಬೀದಿ ಕೊನೆಯ ಬೇಕರಿಯವರನ್ನು ಕಾಡಿಬೇಡಿ, ಬನ್ನಿನ ಹಿಟ್ಟು ಉಬ್ಬಲು ಇಡುವ ಗೂಡಿನಲ್ಲಿ, ಪ್ಲಾಸ್ಟಿಕ್ ಸುತ್ತಿದ ಅಚ್ಚುಗಳನ್ನು ಥರ್ಮಾಮೀಟರ್ ಸಮೇತ ಇಟ್ಟೆ. "ಬನ್ ಅಂತ ಯಾರಾದ್ರೂ ಕಚ್ಚಿದ್ರೆ ನಾನು ಜವಾಬ್ದಾರನಲ್ಲ ಮೇಡಂ" ಎಂದರು ಅವರು. ಇನ್ನೊಂದಿಷ್ಟು ಅಚ್ಚುಗಳು ಲ್ಯಾಬಿನ ತಂಪಿನಲ್ಲೇ ಉಳಿದವು.

ಏಳನೇ ದಿನ ಬೇಕರಿಯವು ಲ್ಯಾಬಿನವಕ್ಕಿಂತ ಬಹಳ ಗಟ್ಟಿಯಾಗಿದ್ದವು. ಯಜಮಾನರು ಎಂದಿನಂತೆ ಒಂದೂವರೆಯಿಂದ ಗುಣಿಸಿ ರಿಪೋರ್ಟಿಗೆ ಸಹಿ ಹಾಕಿದರು. ಮೇಸ್ತ್ರಿ ಮಾತ್ರ ನನ್ನನ್ನು ಕೇಳಿದರು: "ನಂಬಬೋದೇನ್ರಿ?"

"ಸಖತ್ತಾಗಿದೆ, ಧೈರ್ಯವಾಗಿ ಕೆಲಸ ಶುರು ಮಾಡಿ" ಎಂದೆ. ನನ್ನ ಉಪಾಯಕ್ಕೆ ನಾನೇ ಬೀಗುತ್ತಿದ್ದೆ.

ಮಿಕ್ಕ ಅಚ್ಚುಗಳನ್ನು ಎಸೆಯಲು ಯಜಮಾನರು ಹೇಳಿದ್ದರು. ಕುತೂಹಲಕ್ಕೆ ಇಟ್ಟುಕೊಂಡು ಇಪ್ಪತ್ತೆಂಟನೇ ದಿನ ಒಡೆದೆ. ಲ್ಯಾಬಿನವು ನಿಧಾನವಾಗಿ ಏರಿ ಮುಂದೆ ಹೋಗಿದ್ದವು. ಬೇಕರಿಯವು ನಿಂತಲ್ಲೇ ನಿಂತಿದ್ದವು. ಒಂದೆರಡು ಇನ್ನೂ ಕೆಳಗಿಳಿದಿದ್ದವು. ವಿಪರೀತ ಕಾದ ಕಾವಲಿಯ ದೋಸೆಯಂತೆ, ಬಿಸಿಗೆ ಬೇಗ ಬಿಗಿದುಕೊಂಡು ಒಳಗೆ ಹಸಿಯಾಗಿಯೇ ಉಳಿದಿದ್ದವು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸಿಮೆಂಟಿಗೂ ಸಲ್ಲುತ್ತದೆ, ನನಗೂ ಸಲ್ಲುತ್ತದೆ.

ಕೂಡಲೇ ಗಣಿಗೆ ಎಸ್‌ಟಿಡಿ ಮಾಡಿ ಮೇಸ್ತ್ರಿಗೆ ಹೇಳಿದೆ.

"ನೀವು ಧೈರ್ಯ ಕೊಟ್ರಿ ಅಂತ ನನ್ನ ಮಗನ್ನ ಆ ಗ್ವಾಡಿ ಮಗ್ಗಲಾಗ ಕೆಲಸಕ್ಕ ಹಚ್ಚೀನ್ರಿ" ಎಂದರು.

ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಎರಡು ದಿನದ ಮೇಲೆ ಅವರೇ ಫೋನ್ ಮಾಡಿದರು. "ಮಗ ಮ್ಯಾಲ ಬಂದಾನ್ರಿ. ಬ್ಯಾರೆ ಕಡೆ ಹಾಕಿಸಿದೆ."

ನಿಟ್ಟುಸಿರು ಬಿಟ್ಟು, "ಹಾಗಾದ್ರೆ ಅಲ್ಲಿ ಕೆಲಸ ನಿಂತಿದೆಯಾ?" ಎಂದೆ.

"ಇಲ್ರಿ. ನಿಮ್ಮ ರಿಪೋರ್ಟ್ ಐತಲ್ರಿ, ನಿಲ್ಸಂಗಿಲ್ಲ ಅಂದ್ರು ಸಾಹೇಬ್ರು. ಬ್ಯಾರೆ ಹುಡುಗರ್ನ ಹಚ್ಯಾರ."

ಹೊಸ ರಿಪೋರ್ಟ್ ಬರೆದು ಯಜಮಾನರ ಮುಂದಿಟ್ಟೆ. "ಕೊಟ್ಟ ರಿಪೋರ್ಟ್ ವಾಪಸ್ ತಗೊಂಡ್ರೆ ನಾಳೆ ನಮ್ಹತ್ರ ಯಾರಮ್ಮಾ ಬರ್ತಾರೆ?" ಎಂದರು. ಯಾರೂ ಬರದಿದ್ದರೂ ಪರವಾಗಿಲ್ಲ ಎಂದೆ. ಸಹಿ ಬಿದ್ದು ಫ್ಯಾಕ್ಸ್ ಹೋಗುವವರೆಗೂ ಅಲ್ಲೇ ನಿಂತಿದ್ದೆ.

ಮರುದಿನ ಸಂಜೆ ಗಣಿಯವರು ಕೆಲಸ ನಿಲ್ಲಿಸಿದರು. ಅಷ್ಟರಲ್ಲಿ ಆ ಗೋಡೆಯ ಪಕ್ಕದಲ್ಲಿ ಇನ್ನೂ ಮೂರು ಪಾಳಿ ಮುಗಿದಿದ್ದವು.