ಗೇಟಿಗೆ ಕಟ್ಟಿದ ಖಾಲಿ ಬುಟ್ಟಿ

ನನ್ನ ಸೋದರತ್ತೆ ವೀರಮ್ಮಾಳ್ ಬಾಯಿ ಮುಚ್ಚಿಕೊಂಡಿದ್ದಿದ್ದರೆ ಸುಖವಾಗಿ ಇರ್ತಿದ್ದಳು. ಮುಚ್ಚಲಿಲ್ಲ. ಅವಳ ಕತೆ ನಾನು ಹೇಳದೆ ಹನುಮಂತನಪಟ್ಟಿಯಲ್ಲಿ ಇನ್ಯಾರು ಹೇಳ್ತಾರೆ?

ನಮ್ಮ ಬೀದಿಯ ಹೆಂಗಸರು ದ್ರಾಕ್ಷಿ ಕೊಯ್ಯೋದು ಮುಯ್ಯಿಯಲ್ಲಿ. ನಿನ್ನ ತೋಟಕ್ಕೆ ನಾನು ಬಂದೆ, ನನ್ನ ತೋಟಕ್ಕೆ ನೀನು ಬಾ, ಕೂಲಿ ಗೀಲಿ ಇಲ್ಲ. ಹಣ್ಣು ಮಾಗಿದರೆ ಹಿಂದಿನ ಸಂಜೆ ಗೇಟಿಗೆ ಖಾಲಿ ಬುಟ್ಟಿ ಕಟ್ಟಬೇಕು. ನೋಡಿದವರು ಬೆಳಗ್ಗೆ ಕತ್ತರಿ ಹಿಡಿದು ಬರ್ತಾರೆ. ಬಾಯಿ ಬಿಟ್ಟು ಕರೆಯೋ ಹಾಗಿಲ್ಲ. ಕರೆದರೆ ಕೂಲಿಯಾಳು ಅಂದ ಹಾಗೆ. ಒಂದೇ ದಿನ ಎರಡು ಬುಟ್ಟಿ ಕಂಡರೆ ಯಾರದು ಮೊದಲು ಅಂತ ಹೇಳೋದು ನಾಗಮ್ಮಾಳ್. ಬೀದಿಯಲ್ಲಿ ಅರ್ಧ ಮನೆ ಅವಳ ತಂಗಿಯರದು, ಸೊಸೆಯರದು. ಉಳಿದರ್ಧ ಆ ಅರ್ಧದ ಮುಖ ನೋಡ್ಕೊಂಡು ಬದುಕೋರು.

ಗಂಡ ಸತ್ತ ಕರುಪ್ಪಾಯಿಗೆ ಹಿಂದೆ ಮುಂದೆ ಯಾರೂ ಇಲ್ಲ. ಎಲ್ಲರ ತೋಟಕ್ಕೂ ಮೊದಲು ಓಡ್ತಿದ್ದವಳು ಅವಳೇ. ಅವಳ ತೋಟಕ್ಕೆ ಮಾತ್ರ ಯಾವಾಗಲೂ ಕೊನೇ ಸರದಿ, ಹಣ್ಣು ಮೆತ್ತಗಾದ ಮೇಲೆ. ಹೋದ ವರ್ಷ ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆ ಕೇಳಿಯೇಬಿಟ್ಟಳು: "ಏನಕ್ಕಾ ನಾಗಮ್ಮಾ, ಅವಳ ಕೈ ಬೇಕು, ಅವಳ ಹಣ್ಣು ಕೊಳೆತರೆ ಪರವಾಗಿಲ್ವಾ? ಇದ್ಯಾವ ಊರ ನ್ಯಾಯ?"

ನಾಗಮ್ಮಾಳ್ ಕೋಪ ಮಾಡ್ಕೊಳ್ಳಲಿಲ್ಲ. "ನೀನು ಹೇಳೋದು ಸರಿ ತಾಯೀ," ಅಂತ ನಕ್ಕು ಮಜ್ಜಿಗೆ ಬಡಿಸಿದಳು.

ಮುಂದಿನ ಕೊಯ್ಲಿಗೆ ಅತ್ತೆ ಬುಟ್ಟಿ ಕಟ್ಟಿದಳು. ಬೆಟ್ಟದ ಮೇಲೆ ಮೋಡ ಕಪ್ಪಗೆ ಕೂತಿತ್ತು. ಮಾಗಿದ ದ್ರಾಕ್ಷಿಗೆ ಮಳೆ ಹೊಡೆದರೆ ಸಿಪ್ಪೆ ಒಡೆದು ಬೆಳೆಯೆಲ್ಲ ಮಣ್ಣುಪಾಲು. ಬೆಳಗಾಯಿತು, ಒಬ್ಬಳೂ ಬರಲಿಲ್ಲ. ಬೀದಿಗಿಳಿದು ನೋಡಿದರೆ ಎದುರುಮನೆ ಮುತ್ತುಮಾರಿ ಕತ್ತರಿ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಾಳೆ. "ಪಕ್ಕದವಳು ಹೊರಟರೆ ನಾನೂ ಬತ್ತೀನಿ ಕಣೇ," ಅಂದಳು. ಪಕ್ಕದವಳು ಅದರಾಚೆ ಮನೆಯವಳನ್ನು ತೋರಿಸಿದಳು. ಥೂ! ಒಬ್ಬಳೂ ಕೆಟ್ಟವಳಲ್ಲ, ಅದಕ್ಕೇ ನನಗೆ ಇನ್ನೂ ಉರಿಯೋದು.

ಅಷ್ಟರಲ್ಲಿ ನಾಗಮ್ಮಾಳ್ ಹೊರಗೆ ಬಂದಳು. "ಕರುಪ್ಪಾಯಿ ಗೇಟಿನಲ್ಲೂ ಬುಟ್ಟಿ ಇದೆ. ಇವತ್ತು ಅವಳ ತೋಟ ಮೊದಲು. ವೀರಮ್ಮಾಳೇ ಹೇಳಿದ ನ್ಯಾಯ ಅದು," ಅಂದಳು. ಇಡೀ ಬೀದಿ ಅವಳ ಹಿಂದೆ ಹೊರಟಿತು.

"ಅತ್ತೇ, ಕೂಲಿಯವರಿಗಾದರೂ ಫೋನ್ ಹಾಕ್ತೀನಿ," ಅಂದೆ. ಆ ಕೂಲಿಯವರೆಲ್ಲ ಆಗಲೇ ಜೀಪು ಹತ್ತಿ, ಗೂಡಲೂರು ದಾಟಿ, ಘಾಟಿನ ಮೇಲಿನ ಏಲಕ್ಕಿ ತೋಟ ಸೇರಿಯಾಗಿತ್ತು. ನಾವಿಬ್ಬರೇ ಕೊಯ್ದೆವು. ಮಧ್ಯಾಹ್ನಕ್ಕೆ ಮಳೆ ಹಿಡಿಯಿತು. ಒಡೆದ ಹಣ್ಣಿನ ರಸ ಚಪ್ಪರದಿಂದ ಅತ್ತೆಯ ತಲೆ ಮೇಲೆ ಸುರೀತಿತ್ತು. ಅವಳು ಬಿಕ್ಕಿ ಬಿಕ್ಕಿ ಅಳ್ತಾನೇ ಕೊಯ್ತಿದ್ದಳು.

ಸಂಜೆ ಕರುಪ್ಪಾಯಿ ಗೇಟಿನಾಚೆ ಬಂದು ನಿಂತಳು. "ನನ್ನ ತೋಟಕ್ಕೆ ಬಂದ ಅವರನ್ನು ಬಿಟ್ಟು ಇಲ್ಲಿಗೆ ಬಂದಿದ್ದರೆ ನಾಳೆ ನನಗೆ ಯಾರು ಬತ್ತಾರಕ್ಕಾ?"

"ಗೊತ್ತು. ಹೋಗು," ಅಂದಳು ಅತ್ತೆ.

ಆಮೇಲಿನ ಬುಟ್ಟಿ ಕಂಡಿದ್ದು ನಾಗಮ್ಮಾಳ್ ಗೇಟಿನಲ್ಲಿ. ಬೆಳಗ್ಗೆ ಅತ್ತೆ ಕತ್ತರಿ ತಗೊಂಡಳು. "ಮಾನ ಮರ್ಯಾದೆ ಇಲ್ವಾ ನಿನಗೆ?" ಅಂತ ಕಿರುಚಿದೆ.

"ಮಾನ ಬಂದು ಹಣ್ಣು ಕೊಯ್ಯುತ್ತಾ, ಹುಚ್ಚೀ?" ಅಂತ ಹೊರಟೇಬಿಟ್ಟಳು.

ಈಗ ಎಲ್ಲರ ತೋಟಕ್ಕೂ ಮೊದಲು ಓಡೋದು ನಮ್ಮತ್ತೆ. ಕೊನೇ ಸರದಿ ನಮ್ಮದು. ಇದ್ಯಾವ ಊರ ನ್ಯಾಯ ಅಂತ ಯಾರೂ ಕೇಳಲ್ಲ. ಊಟಕ್ಕೆ ಕೂತಾಗ ಕರುಪ್ಪಾಯಿ ಅತ್ತೆಯ ಪಕ್ಕದಲ್ಲೇ ಕೂರ್ತಾಳೆ, ತಲೆ ತಗ್ಗಿಸಿ ಉಣ್ತಾಳೆ.